ಸೋಮವಾರ ತುಂಬಿರುತ್ತಿದ್ದ ಬ್ರೇಕ್ ಆಯಿಲ್ ಡಬ್ಬಿ

ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಡಬ್ಬಿಯಲ್ಲಿ ಅದು ಕಡಿಮೆಯಾಯಿತೆಂದರೆ ಕಾರಣ ಎರಡೇ. ಒಂದೋ ಚಕ್ರವನ್ನು ಒತ್ತಿ ನಿಲ್ಲಿಸುವ ಪ್ಯಾಡು ಸವೆದಿದೆ, ಸವೆದ ಜಾಗ ತುಂಬಲು ಆಯಿಲ್ ಸ್ವಲ್ಪ ಕೆಳಗಿಳಿದಿದೆ; ಇಲ್ಲವೇ ಎಲ್ಲೋ ಸೋರುತ್ತಿದೆ. ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಆ ಚಳಿಗಾಲದಲ್ಲಿ ನಾಸಿಕದ ನನ್ನ ಗ್ಯಾರೇಜಿಗೆ ಬಂದ ಸಣ್ಣ ಬಿಳಿ ಕಾರಿನಲ್ಲಿ ಮಾತ್ರ ಪ್ಯಾಡು ಸವೆದಿರಲಿಲ್ಲ, ಎಲ್ಲೂ ಸೋರಿರಲಿಲ್ಲ, ಡಬ್ಬಿಯೂ ಕಡಿಮೆಯಾಗಿರಲಿಲ್ಲ. ಆದರೂ ಓಡಿಸುವವರು ಬ್ರೇಕಿನ ಕೆಂಪು ದೀಪ ಹತ್ತುತ್ತದೆ ಎನ್ನುತ್ತಿದ್ದರು.

ಓಡಿಸುವವರು ಬ್ಯಾಂಕಿನ ಅಧಿಕಾರಿ. ಭಾಲ್ಕಿ ಕಡೆಯವರು, ವರ್ಗವಾಗಿ ನಾಸಿಕಕ್ಕೆ ಬಂದು ಮಗಳ ಜೊತೆ ಇದ್ದರು. ಗಂಡನಿಗೆ ಔರಂಗಾಬಾದಿನಲ್ಲಿ ಕೇಂದ್ರ ಸರ್ಕಾರದ ಕೆಲಸ, ಮಾವನವರೂ ಅಲ್ಲೇ. (ಈಗ ಆ ಊರು ಛತ್ರಪತಿ ಸಂಭಾಜಿನಗರ. ಆಗ ನಮ್ಮೆಲ್ಲರ ಬಾಯಲ್ಲಿ ಔರಂಗಾಬಾದೇ ಇತ್ತು, ಹಾಗಾಗಿ ಇಲ್ಲೂ ಹಾಗೆಯೇ ಬರೆಯುತ್ತೇನೆ.) ಶನಿವಾರ ಬ್ಯಾಂಕು ಅರ್ಧ ದಿನ. ಅದು ಮುಗಿದೊಡನೆ ಮಗಳನ್ನು ಕೂಡಿಸಿಕೊಂಡು ತಾವೇ ಕಾರು ಓಡಿಸುತ್ತ ಔರಂಗಾಬಾದಿಗೆ ಹೋಗುವುದು, ಭಾನುವಾರ ಮಧ್ಯಾಹ್ನ ಊಟ ಮಾಡಿ ವಾಪಸ್ ಹೊರಡುವುದು. ವಾರಕ್ಕೊಮ್ಮೆ ನಾಲ್ಕು ಜನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕಾದರೆ ಈ ಕಾರು ಸರಿಯಾಗಿ ನಿಲ್ಲಬೇಕಿತ್ತು. ಓಡುವುದಕ್ಕಿಂತ ನಿಲ್ಲುವುದು ಮುಖ್ಯ ಎನ್ನುವುದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು.

ನಾಸಿಕದ ಕನ್ನಡದವರು ನನ್ನ ಗ್ಯಾರೇಜಿಗೆ ಬರುತ್ತಿದ್ದದ್ದು ನನ್ನ ಕೈಗುಣಕ್ಕಿಂತ ಹೆಚ್ಚಾಗಿ ಕನ್ನಡದಲ್ಲೇ ಬೈಯಬಹುದು ಎಂಬ ಅನುಕೂಲಕ್ಕೆ. ಈ ಮೇಡಂ ಬೈಯುವವರಲ್ಲ. ಮೊದಲ ಸಲ ಬಂದಾಗ ಹಿಂದಿನ ಶನಿವಾರ ದಾರಿಯಲ್ಲಿ ದೀಪ ಹತ್ತಿ ಹತ್ತಿ ಆರುತ್ತಿತ್ತು, ಒಂದೆರಡು ಸಲ ಪೆಡಲ್ಲು ಮೆತ್ತಗಾಯಿತು ಎಂದು ನಿಧಾನವಾಗಿ ಹೇಳಿದರು. ಅದು ಸೋಮವಾರ ಬೆಳಿಗ್ಗೆ. ಬಾನೆಟ್ ಎತ್ತಿ ನೋಡಿದೆ. ಡಬ್ಬಿಯಲ್ಲಿ ಆಯಿಲ್ ಮೇಲಿನ ಗೆರೆಯ ಹತ್ತಿರವೇ ನಿಂತಿದೆ. ಪೆಡಲ್ಲು ಕಲ್ಲಿನಷ್ಟು ಗಟ್ಟಿ. ನೀವೇನಾದರೂ ಆಯಿಲ್ ಹಾಕಿದಿರಾ ಎಂದು ಕೇಳಿದೆ, ಇಲ್ಲ ಎಂದರು. ಅಂದ ಮೇಲೆ ದೀಪವೇ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ಡಬ್ಬಿಯ ಮುಚ್ಚಳದಲ್ಲಿ ತೇಲುವ ಒಂದು ಬೆಂಡಿರುತ್ತದೆ, ಅದು ಕೆಳಗಿಳಿದರೆ ದೀಪ ಹತ್ತುತ್ತದೆ. ಆ ಮುಚ್ಚಳವನ್ನೇ ಬದಲಿಸಿ ಕಳಿಸಿದೆ.

ಮುಂದಿನ ಸೋಮವಾರ ಮತ್ತೆ ಬಂದರು. ಮತ್ತೆ ದೀಪ ಹತ್ತಿತ್ತಂತೆ, ಅದೂ ಶನಿವಾರ ಹೋಗುವಾಗ. ವಾಪಸ್ ಬರುವಾಗ ಏನೂ ಇಲ್ಲ. ಬೆಳಿಗ್ಗೆ ಗಾಡಿ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುತ್ತದೆ ಎಂದೂ ಹೇಳಿದರು. ನಾಸಿಕದ ಚಳಿಯಲ್ಲಿ ಯಾವ ಗಾಡಿ ಹೊಗೆ ಬಿಡುವುದಿಲ್ಲ? ಆ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಡಬ್ಬಿ ನೋಡಿದರೆ ಈ ಸಲವೂ ಭರ್ತಿ.

ನನಗೆ ಕಿರಿಕಿರಿ ಶುರುವಾಯಿತು. ನಾಲ್ಕೂ ಚಕ್ರ ಬಿಚ್ಚಿದೆ. ಮುಂದಿನ ಎರಡೂ ಒಣಗಿದ್ದವು. ಹಿಂದಿನ ಎಡಗಡೆ ಡ್ರಮ್ಮಿನೊಳಗೆ, ಆಯಿಲ್ ಬಂದು ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರು ಮಡಚಿ ನೋಡಿದಾಗ ಸ್ವಲ್ಪ ಪಸೆ ಕಂಡಿತು. ಸಿಕ್ಕಿಬಿದ್ದೆ ಮಗನೇ ಎಂದುಕೊಂಡು ಹಿಂದಿನ ಎರಡೂ ವೀಲ್ ಸಿಲಿಂಡರ್ ಹೊಸದು ಹಾಕಿದೆ, ಪೈಪಿನೊಳಗಿನ ಗಾಳಿ ತೆಗೆದೆ. ಗಾಳಿ ತೆಗೆಯುವಾಗ ಬಂದ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಕಾರು ಹಳೆಯದೇನಲ್ಲ. ಆಯಿಲ್ ಒಮ್ಮೆಯೂ ಬದಲಿಸಿಲ್ಲವೇನೋ ಎಂದು ಆ ಬಣ್ಣಕ್ಕೂ ಒಂದು ಸಮಾಧಾನ ಹುಡುಕಿಕೊಂಡೆ.

ದೊಡ್ಡ ಪ್ರಶ್ನೆ ಹಾಗೆಯೇ ಉಳಿದಿತ್ತು. ವೀಲ್ ಸಿಲಿಂಡರಿನ ಪಸೆಯೇ ಕಾರಣವಾದರೆ ಡಬ್ಬಿ ಭರ್ತಿ ಹೇಗೆ? ಆ ವಾರವೆಲ್ಲ ಬೇರೆ ಗಾಡಿಗಳ ಕೆಳಗೆ ಮಲಗಿದ್ದಾಗಲೂ ತಲೆಯಲ್ಲಿ ಅದೇ. ನನ್ನ ಜೊತೆ ಕೆಲಸ ಮಾಡುವ ಮರಾಠಿ ಮಿಸ್ತ್ರಿ, ಮೇಡಂ ಹೆದರಿ ಹೆದರಿ ಓಡಿಸುತ್ತಾರೆ, ದೀಪ ಅವರ ಕಣ್ಣಲ್ಲೇ ಇದೆ ಎಂದು ನಕ್ಕ. ಅದು ನನಗೆ ಸರಿಬರಲಿಲ್ಲ. ಹೆದರುವ ಹೆಂಗಸು ಪ್ರತಿ ವಾರ ಅಷ್ಟು ದೂರ ಮಗಳನ್ನು ಕೂಡಿಸಿಕೊಂಡು ಹೋಗುವುದಿಲ್ಲ. ಅವರ ಗಂಡನೂ ಹೀಗೇ ಹೇಳುತ್ತಿದ್ದಾರೆ ಎಂದು ಹಣ ಕೊಡುವಾಗ ಮೇಡಂ ಅಂದಿದ್ದರು. ಇನ್ನೊಮ್ಮೆ ದೀಪದ ಸುದ್ದಿ ತೆಗೆದರೆ ಕಾರು ಮಾರಿ, ಮಗಳನ್ನು ಔರಂಗಾಬಾದಿನ ಶಾಲೆಗೆ ಸೇರಿಸುತ್ತಾರಂತೆ. ಮೇಡಂ ಒಬ್ಬರೇ ನಾಸಿಕದಲ್ಲಿ ಇರಬೇಕಾಗುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಮೇಡಂ ಅವರ ಫೋನು ಬಂತು. ಹೆದ್ದಾರಿಯಲ್ಲಿ ಚಾಂದವಡ್‌ವರೆಗೆ ಹೋಗಿ, ಅಲ್ಲಿಂದ ಮನ್ಮಾಡ್ ಕಡೆ ಹೊರಳುವುದು ಮೇಡಂ ಅವರ ದಾರಿ. ಚಾಂದವಡ್‌ನಲ್ಲಿ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಮಾರ್ಕೆಟಿನ ಮುಂದೆ ಸಾಲುಗಟ್ಟಿದ್ದವು. ಅವುಗಳ ಹಿಂದೆ ಬ್ರೇಕು ಒತ್ತುತ್ತ ಬಿಡುತ್ತ ಹೋಗುವಾಗ ದೀಪ ಹತ್ತಿತು, ಪೆಡಲ್ಲು ನೆಲದವರೆಗೆ ಇಳಿದುಹೋಯಿತು. ಮೇಡಂ ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿ ನಿಲ್ಲಿಸಿದ್ದರು.

ಅಲ್ಲೇ ಇರಿ, ಬಾನೆಟ್ ಮುಟ್ಟಬೇಡಿ, ಆಯಿಲ್ ಹಾಕಬೇಡಿ, ಯಾರಿಗೂ ಹಾಕಲು ಬಿಡಬೇಡಿ ಎಂದು ಹೇಳಿ, ಒಂದು ಚೀಲದಲ್ಲಿ ಸ್ಪ್ಯಾನರುಗಳನ್ನೂ ಸೀಲು ಒಡೆಯದ ಆಯಿಲ್ ಬಾಟಲಿಯನ್ನೂ ತುರುಕಿಕೊಂಡು ಸಿಕ್ಕಿದ ಬಸ್ಸು ಹತ್ತಿದೆ. ಆ ಬಸ್ಸು ಎಷ್ಟು ನಿಧಾನ ಹೋಯಿತೆಂದರೆ ಇಳಿದು ತಳ್ಳೋಣ ಅನಿಸಿತು. ಟ್ರ್ಯಾಕ್ಟರಿನ ಹಿಂಭಾಗ ಎಷ್ಟು ಹತ್ತಿರ ಇದ್ದಿತೋ ಎಂಬ ಲೆಕ್ಕ ಬೇಡವೆಂದರೂ ತಲೆಯಲ್ಲಿ ನಡೆಯುತ್ತಿತ್ತು. ಸರಿಮಾಡಿದ್ದೇನೆ ಎಂದು ಹೇಳಿ ಕಳಿಸಿದ ಗಾಡಿ ಅದು. ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚಿತ್ತು, ಆ ಸಿಟ್ಟು ಯಾರ ಮೇಲೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಹೋಗಿ ನೋಡಿದರೆ ತಾಯಿ ಮಗಳು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಹುಡುಗಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲೇ. ‘ಬ್ರೇಕ್ ಲಾಗ್ಲಾಚ್ ನಾಹೀ, ಕಾಕಾ’, ಬ್ರೇಕು ಹಿಡಿಯಲೇ ಇಲ್ಲ ಎಂದು ನನಗೆ ವರದಿ ಕೊಟ್ಟಳು. ನಾನು ಕಾರಿನಲ್ಲಿ ಕೂತು ಪೆಡಲ್ಲು ಒತ್ತಿದೆ. ಗಟ್ಟಿ! ಒಂದು ಕೂದಲೆಳೆಯಷ್ಟೂ ಮೆತ್ತಗಿಲ್ಲ. ಮೇಡಂ ಕಿಟಕಿಯ ಹತ್ತಿರ ಬಂದು ನಿಂತಿದ್ದವರು ನನ್ನ ಮುಖ ನೋಡಿದರು.

‘ಈಗ ಗಟ್ಟಿ ಅದ ಅಲ್ರೀ? ನನಗೂ ಗೊತ್ತದ. ಆಗ ಇಳಿದಿತ್ರಿ. ನೀವೂ ನಂಬಂಗಿಲ್ಲ ಅಂತ ಕಾಣ್ತದ.’

ನಾನು ಇಳಿದು ಬಾನೆಟ್ ಎತ್ತಿದೆ. ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಆ ಗಾಡಿಯಲ್ಲಿ ಆಯಿಲ್ ಕಡಿಮೆಯಾಗಿರುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಅವರನ್ನು ಕರೆದು ತೋರಿಸಿದೆ, ನೀವು ಹೇಳಿದ್ದೇ ನಿಜ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಕೆಳಗೆ ಮಲಗಿ ಚಕ್ರ, ಪೈಪು, ಜಾಯಿಂಟು ಒಂದೊಂದನ್ನೂ ಬೆರಳಾಡಿಸಿ ನೋಡಿದೆ. ಧೂಳು ಬಿಟ್ಟರೆ ಬೇರೇನೂ ಅಂಟಲಿಲ್ಲ. ಹೊಸ ವೀಲ್ ಸಿಲಿಂಡರುಗಳೂ ಒಣಗಿದ್ದವು. ಚಹಾ ಕುಡಿಯುತ್ತ ಯೋಚಿಸಿದೆ. ಶನಿವಾರ ಡಬ್ಬಿ ಕಡಿಮೆ, ಸೋಮವಾರ ಭರ್ತಿ. ಇವೆರಡರ ನಡುವೆ ಇರುವುದು ಔರಂಗಾಬಾದಿನ ಭಾನುವಾರ. ಗಾಡಿಯನ್ನು ನಾಸಿಕಕ್ಕೆ ಎಳೆದೊಯ್ಯುವುದೇ ಸುಲಭದ ದಾರಿ, ಔರಂಗಾಬಾದಿಗಿಂತ ಗ್ಯಾರೇಜೇ ಹತ್ತಿರವಿತ್ತು. ಆದರೆ ಹಾಗೆ ಮಾಡಿದರೆ ಅರ್ಧ ರೋಗ ಮಾತ್ರ ನನ್ನ ಕೈಗೆ ಸಿಗುತ್ತಿತ್ತು. ಕಾರನ್ನು ನಾನೇ ಔರಂಗಾಬಾದಿಗೆ ತರುತ್ತೇನೆ, ನೀವಿಬ್ಬರೂ ಇದರಲ್ಲಿ ಕೂರಬಾರದು ಎಂದು ಮೇಡಂಗೆ ಹೇಳಿದೆ. ಮನ್ಮಾಡ್ ಜಂಕ್ಷನ್‌ವರೆಗೆ ಒಂದು ಜೀಪು ಹಿಡಿದು ಕೂಡಿಸಿದೆ. ಅಲ್ಲಿಂದ ಅವರು ರೈಲಿನಲ್ಲಿ ಹೋದರು.

ಡಬ್ಬಿಗೆ ಹೊಸ ಆಯಿಲ್ ಸುರಿದು, ಅದು ನಿಂತ ಮಟ್ಟಕ್ಕೆ ಸರಿಯಾಗಿ ಹೊರಗಡೆ ಕರಿ ಟೇಪಿನ ಒಂದು ಎಳೆ ಅಂಟಿಸಿದೆ. ಒಂದು ಕೈ ಹ್ಯಾಂಡ್‌ಬ್ರೇಕಿನ ಹತ್ತಿರವೇ ಇಟ್ಟುಕೊಂಡು, ಎತ್ತಿನ ಗಾಡಿಯವರೂ ನಗುವ ವೇಗದಲ್ಲಿ ಹೊರಟೆ. ಬ್ರೇಕು ಬೇಕಿಲ್ಲದ ಕಡೆಯೂ ಬೇಕೆಂದೇ ಒತ್ತುತ್ತಿದ್ದೆ. ಯೇವಲಾದಲ್ಲಿ ನಿಲ್ಲಿಸಿ ನೋಡಿದರೆ ಆಯಿಲ್ ಟೇಪಿಗಿಂತ ಒಂದು ಎಳೆ ಕೆಳಗಿತ್ತು. ಗಾಡಿಯ ಕೆಳಗೆ ಹಳೆಯ ಪೇಪರ್ ಹಾಸಿ ಕಾದೆ. ಒಂದು ಹನಿಯೂ ಬೀಳಲಿಲ್ಲ. ಮತ್ತೆ ಚಾಲೂ ಮಾಡಿದಾಗ ಹಿಂದಿನಿಂದ ಬಿಳಿ ಹೊಗೆ ಬಂತು. ಎಂಜಿನ್ನು ಇನ್ನೂ ಬಿಸಿ. ಚಳಿಯ ನೆಪ ಹೇಳುವಂತಿರಲಿಲ್ಲ. ಹಿಂದೆ ಹೋಗಿ ಮೂಸಿದೆ. ಬ್ರೇಕ್ ಆಯಿಲ್ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ.

ಅಲ್ಲಿಗೆ ಸೋರುವ ಜಾಗ ಗೊತ್ತಾಯಿತು. ಪೆಡಲ್ಲಿನ ಮುಂದೆ ಬೂಸ್ಟರ್ ಎಂಬ ದುಂಡನೆಯ ತಗಡಿನ ಡಬ್ಬ ಇರುತ್ತದೆ. ಎಂಜಿನ್ನು ಒಂದು ಪೈಪಿನಿಂದ ಅದರ ಗಾಳಿ ಎಳೆದುಕೊಂಡು, ನಮ್ಮ ಕಾಲಿನ ಒತ್ತಡಕ್ಕೆ ಬಲ ಕೊಡುತ್ತದೆ. ಆಯಿಲನ್ನು ನಾಲ್ಕೂ ಚಕ್ರಕ್ಕೆ ನೂಕುವ ಮಾಸ್ಟರ್ ಸಿಲಿಂಡರ್ ಆ ಬೂಸ್ಟರಿನ ಮುಂದೆಯೇ ಕೂತಿರುತ್ತದೆ. ಅದರ ಹಿಂದಿನ ರಬ್ಬರು ಹಾಳಾದರೆ ಆಯಿಲ್ ನೆಲಕ್ಕೆ ಬೀಳದೆ ಬೂಸ್ಟರಿನ ಹೊಟ್ಟೆಯೊಳಗೆ ಇಳಿಯುತ್ತದೆ, ಅಲ್ಲಿಂದ ಎಂಜಿನ್ನು ಅದನ್ನು ಹೀರಿ ಸುಡುತ್ತದೆ. ಆದರೂ ನನ್ನ ಚಡಪಡಿಕೆ ನಿಲ್ಲಲಿಲ್ಲ. ಇಷ್ಟು ಹೊಸ ಗಾಡಿಯ ರಬ್ಬರು ಯಾಕೆ ಹಾಳಾಯಿತು, ಪೆಡಲ್ಲು ಇಳಿದದ್ದು ತಾನಾಗಿಯೇ ಗಟ್ಟಿ ಹೇಗಾಯಿತು, ಡಬ್ಬಿ ತುಂಬುವವರು ಯಾರು? ವೈಜಾಪುರ ದಾಟಿ ರಾತ್ರಿ ಅವರ ಮನೆ ಮುಟ್ಟುವವರೆಗೂ ಇದೇ ಧ್ಯಾನ.

ಮೇಡಂ ಅವರ ಗಂಡ, ಸಾಹೇಬರು, ಒಳ್ಳೆಯ ಮನುಷ್ಯರೇ. ನನಗೆ ಊಟ, ಹಾಸಿಗೆ ಎಲ್ಲ ವ್ಯವಸ್ಥೆ ಮಾಡಿದರು. ಆದರೆ ಮಾತಿನ ನಡುವೆ, ಇವಳು ಲೈಟು ಕಂಡರೆ ಗಾಬರಿಯಾಗುತ್ತಾಳೆ ಎನ್ನುವುದನ್ನು ಎರಡು ಸಲ ಹೇಳಿದರು. ಮೇಡಂ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾಳೆ ಮಾತಾಡೋಣ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಎದ್ದು, ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದೆ. ಮೇಡಂ ಅವರ ಮಾವ ಆಗಲೇ ಸ್ನಾನ ಮುಗಿಸಿ, ಮೂರು ಬೆರಳ ವಿಭೂತಿ ಬಳಿದುಕೊಂಡು ಕಾರಿನ ಮುಂದೆ ನಿಂತಿದ್ದರು. ಭಾಲ್ಕಿಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಬಿಟ್ಟವರು, ಪ್ರತಿಯೊಂದರಲ್ಲೂ ಅಚ್ಚುಕಟ್ಟು. ಸೊಸೆ ಮೊಮ್ಮಗಳು ಹೊರಡುವ ದಿನ ಅವರು ಏಳುವ ಮೊದಲೇ ಗಾಡಿಯ ಪೂಜೆ ಮುಗಿಸುವುದು ಅವರ ಪದ್ಧತಿಯಂತೆ. ಪಕ್ಕದ ಕಟ್ಟೆಯ ಮೇಲೆ ಹಿತ್ತಾಳೆಯ ತಟ್ಟೆ. ಅದರಲ್ಲಿ ಬಿಲ್ವಪತ್ರೆ, ವಿಭೂತಿ ಉಂಡೆ, ಊದುಬತ್ತಿ, ನಿಂಬೆಹಣ್ಣು, ತೀರ್ಥದ ತಂಬಿಗೆ. ಅವುಗಳ ನಡುವೆ ಬ್ರೇಕ್ ಆಯಿಲಿನ ಪ್ಲಾಸ್ಟಿಕ್ ಬಾಟಲಿ.

ನಾನು ನೋಡುತ್ತ ನಿಂತೆ. ಅವರು ಬಾನೆಟ್ ಎತ್ತಿದರು. ಗಾಜು ತೊಳೆಯುವ ನೀರಿನ ಡಬ್ಬಿ ತುಂಬಿ, ಉದ್ಧರಣೆಯಿಂದ ಅದಕ್ಕೆ ಒಂದಿಷ್ಟು ತೀರ್ಥ ಬಿಟ್ಟರು. ರೇಡಿಯೇಟರಿನ ಡಬ್ಬಿಗೂ ಬಿಟ್ಟರು. ಬ್ರೇಕಿನ ಡಬ್ಬಿಯ ಮುಚ್ಚಳ ತಿರುವಿದರು. ನನ್ನ ಬಾಯಿ ತುಂಬ ನೊರೆ, ಕೂಗಲೂ ಆಗಲಿಲ್ಲ. ಅದಕ್ಕೂ ಒಂದು ಉದ್ಧರಣೆ ತೀರ್ಥ ಬಿದ್ದಿತು. ಆಮೇಲೆ ಬಾಟಲಿ ಎತ್ತಿ, ಕೈ ನಡುಗದಂತೆ, ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ತುಂಬಿದರು. ನಾನು ಅಂಗಳದ ಮೂಲೆಗೆ ಉಗುಳಿ ಓಡಿಬಂದಾಗ ಅವರು ನನ್ನ ಕರಿ ಟೇಪನ್ನು ಬಗ್ಗಿ ನೋಡುತ್ತಿದ್ದರು.

‘ಇದೇನ್ರಿ, ಪಟ್ಟಿ ಹಚ್ಚೀರಿ?’

ಅಜ್ಜಾವ್ರೇ, ಇದರಲ್ಲಿ ನೀರು ಯಾಕೆ ಹಾಕಿದಿರಿ ಎಂದು ಕೇಳಿದೆ. ಅವರಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ.

‘ನೀರಲ್ರೀ, ತ್ರ್ಯಂಬಕೇಶ್ವರದ ತೀರ್ಥ ಅದ. ಸೊಸಿ ನಾಸಿಕದಿಂದ ತರ್ತಾಳ. ಗಾಡಿ ಬಂದಾಗಿಂದ ಹಾಕ್ಲತ್ತೀನಿ. ಪೂಜಾಕ್ಕ ನಿಂತ ಗಾಡ್ಯಾಗ ಯಾವ್ದೂ ಖಾಲಿ ಇರಬಾರ್ದು. ಈ ಡಬ್ಬಿ ವಾರ ವಾರ ಕಮ್ಮಿ ಆಗಿರ್ತದ, ನಾ ತುಂಬಿಸಿ ಕಳಸ್ತೀನಿ.’

ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ. ನಾನು ಮೇಡಂರನ್ನು ಕೇಳಿದ್ದೆ, ಅವರು ಹಾಕಿರಲಿಲ್ಲ. ಬಾಟಲಿ ಎತ್ತಿ ನೋಡಿದರೆ ಆಯಿಲ್ ಕೂಡ ಸರಿಯಾದದ್ದೇ. ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನು ಅಂಗಡಿಯವನಿಗೆ ಓದಿ ಹೇಳಿ ತಂದಿದ್ದರಂತೆ.

ಮನೆಯವರೆಲ್ಲ ಹೊರಗೆ ಬಂದರು. ನಾನು ಚೀಲ ಬಿಚ್ಚಿದೆ. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವುದು ಎರಡು ನಟ್ಟು. ಅವನ್ನು ಬಿಚ್ಚಿ, ಸಿಲಿಂಡರನ್ನು ಮುಂದಕ್ಕೆ ಎಳೆದೆ. ಹಿಂಭಾಗ ಆಯಿಲಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ತಂತಿಯ ತುದಿಗೆ ಬಟ್ಟೆ ಸುತ್ತಿ ಬೂಸ್ಟರಿನ ತೂತಿನೊಳಗೆ ಇಳಿಸಿ ಎಳೆದೆ. ಬಟ್ಟೆ ಹಿಂಡಿದರೆ ಆಯಿಲ್ ಸುರಿಯಿತು. ಪೈಪು ಕಳಚಿ ಸಿಲಿಂಡರನ್ನು ಪೂರ್ತಿ ಹೊರತೆಗೆದು, ಒಳಗಿನ ಪಿಸ್ಟನ್ನು ಎಳೆದು, ಸಿಲಿಂಡರಿನ ಬೋರನ್ನು, ಅಂದರೆ ಒಳಗಿನ ಕೊಳವೆಯನ್ನು, ಬೆಳಕಿಗೆ ಹಿಡಿದೆ. ಕನ್ನಡಿಯಂತೆ ಇರಬೇಕಾದ ಒಳಮೈ ತುಕ್ಕು ತಿಂದು ಗುಳಿ ಬಿದ್ದಿತ್ತು. ಆ ಗುಳಿಗಳ ಅಂಚು ರಬ್ಬರನ್ನು ಕೆರೆದು ಹಾಕಿತ್ತು.

ಹೇಳಲೇಬೇಕಿತ್ತು, ಹೇಳಿದೆ. ಬ್ರೇಕ್ ಆಯಿಲಿಗೆ ನೀರು ಸೇರಿದರೆ ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರು ಕೆಡುತ್ತದೆ, ಆಯಿಲ್ ಸೋರುತ್ತದೆ. ಮೇಲಿಂದ ಮೇಲೆ ಬ್ರೇಕು ಒತ್ತಿದಾಗ ಚಕ್ರದ ಬಿಸಿಗೆ ಆ ನೀರು ಆವಿಯಾಗುತ್ತದೆ. ಆವಿ ತುಂಬಿದ ಪೈಪಿನಲ್ಲಿ ಒತ್ತಡ ನಿಲ್ಲುವುದಿಲ್ಲ, ಪೆಡಲ್ಲು ಇಳಿದುಹೋಗುತ್ತದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗುತ್ತದೆ. ಮೇಡಂ ಹೇಳಿದ ಒಂದೊಂದು ಮಾತೂ ಸರಿ ಇತ್ತು ಎಂದು ಸಾಹೇಬರ ಕಡೆ ನೋಡಿಯೇ ಹೇಳಿದೆ.

ಸಾಹೇಬರ ಮುಖ ಕೆಂಪಾಯಿತು. ಹೆಂಡತಿಯ ಕಡೆ ನೋಡಲಾಗದೆ ತಂದೆಯ ಮೇಲೆ ತಿರುಗಿಬಿದ್ದರು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬೇಡಿ ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ಶುರುಮಾಡಿದರು. ಅಜ್ಜ ತಟ್ಟೆ ಹಿಡಿದು ಹಾಗೆಯೇ ನಿಂತಿದ್ದರು. ಆಗ ಮೇಡಂ ಬಾಯಿ ತೆರೆದರು.

‘ಅವರಿಗೆ ಯಾಕ ಅಂತೀರಿ? ಅವರು ವಾರ ವಾರ ತುಂಬಿಸಿದ್ದಕ್ಕ ನಾವು ಇಷ್ಟು ದಿನ ಓಡಾಡೀವಿ. ತುಂಬಿಸದೇ ಬಿಟ್ಟಿದ್ರ ಎಂದೋ ಬ್ರೇಕ್ ಹೋಗ್ತಿತ್ತು. ನೀವು ಒಂದ್ ದಿನಾರ ಬಾನೆಟ್ ಎತ್ತಿ ನೋಡೀರಿ?’

ಅವರು ಹೇಳಿದ್ದು ಪೂರ್ತಿ ನಿಜವಾಗಿತ್ತು. ಗಾಡಿಯನ್ನು ಕೆಡಿಸಿದ ಕೈಯೇ ವಾರವಾರ ಅದನ್ನು ಕಾಪಾಡಿತ್ತು, ಆ ಕಾಪಾಡುವಿಕೆಯೇ ರೋಗವನ್ನು ನನ್ನ ಕಣ್ಣಿಂದ ಮರೆಮಾಡಿತ್ತು. ಅಜ್ಜ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಭಾನುವಾರ ಬಿಡಿಭಾಗದ ಅಂಗಡಿಗಳೆಲ್ಲ ಬಂದ್. ಸಾಹೇಬರು ಯಾರಿಗೋ ಫೋನು ಮಾಡಿ ಮಧ್ಯಾಹ್ನದ ಹೊತ್ತಿಗೆ ಒಂದು ಕಿಟ್ ತರಿಸಿದರು. ಕಿಟ್ ಎಂದರೆ ಹೊಸ ರಬ್ಬರುಗಳು ಮಾತ್ರ. ಸದ್ಯಕ್ಕೆ ಇದನ್ನು ಹಾಕಿ ಕಳಿಸಿ, ಸೋಮವಾರ ಬ್ಯಾಂಕಿದೆ, ಮಗಳಿಗೆ ಪರೀಕ್ಷೆ ಹತ್ತಿರ ಬಂದಿದೆ, ನಾಸಿಕದಲ್ಲಿ ನಿಧಾನವಾಗಿ ಹೊಸದು ಹಾಕಿದರಾಯಿತು ಎಂದರು. ಕಿಟ್ ಹಾಕಿದರೆ ಅಂದು ಪೆಡಲ್ಲು ಗಟ್ಟಿಯಾಗುತ್ತಿತ್ತು, ಅದು ನನಗೂ ಗೊತ್ತಿತ್ತು. ನಾಸಿಕದವರೆಗೆ ಬಹುಶಃ ಬರುತ್ತಿತ್ತು ಕೂಡ. ನನ್ನ ಗ್ಯಾರೇಜಿನಲ್ಲೂ ಗಾಡಿಗಳು ಸಾಲುಗಟ್ಟಿದ್ದವು, ಮಿಸ್ತ್ರಿ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಕಿಟ್ಟಿನ ಪೊಟ್ಟಣವನ್ನು ಕೈಯಲ್ಲಿ ತಿರುವುತ್ತ ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿದೆ. ಗುಳಿ ಬಿದ್ದ ಬೋರಿಗೆ ಹೊಸ ರಬ್ಬರು ಹಾಕುವುದೆಂದರೆ ಅದನ್ನೂ ಕೆರೆಯಲು ಕೊಡುವುದು. ಈ ಬಹುಶಃ ಎನ್ನುವ ಮಾತಿನ ಮೇಲೆ ತಾಯಿ ಮಗಳನ್ನು ಕೂಡಿಸಲು ನನ್ನ ಕೈ ಬರಲಿಲ್ಲ. ಪೊಟ್ಟಣ ಒಡೆಯದೆ ವಾಪಸ್ ಕೊಟ್ಟೆ. ಹೊಸ ಸಿಲಿಂಡರ್, ಹೊಸ ಬೂಸ್ಟರ್ ಬರುವವರೆಗೆ ಗಾಡಿ ಗೇಟು ದಾಟುವುದಿಲ್ಲ ಎಂದೆ.

ಸಾಹೇಬರು ಏನೋ ಹೇಳಹೊರಟರು. ಬಾಗಿಲ ಒಳಗಿನಿಂದ ಅಜ್ಜನ ದನಿ ಬಂತು. ‘ಅವರು ಹೇಳಿದಂಗ ಆಗ್ಲಿ.’ ಮೇಡಂ ಸೋಮವಾರಕ್ಕೆ ರಜೆ ಹಾಕಿದರು.

ಸೋಮವಾರ ಅಂಗಡಿ ತೆರೆಯುವ ಮೊದಲೇ ಅದರ ಮೆಟ್ಟಿಲ ಮೇಲೆ ಕೂತಿದ್ದೆ. ಸಾಮಾನು ತಂದು ಬೂಸ್ಟರ್ ಕೂಡಿಸಿ, ಅದರ ಮುಂದೆ ಸಿಲಿಂಡರ್ ಬಿಗಿದೆ. ಉಳಿದದ್ದು ಆಯಿಲ್ ಬದಲಿಸುವ ಕೆಲಸ. ನಾಲ್ಕೂ ಪೈಪಿನ ಹಳೆಯ ಆಯಿಲ್ ಪೂರ್ತಿ ಹೊರಹೋಗಬೇಕು, ಇಲ್ಲದಿದ್ದರೆ ನೀರು ಅಲ್ಲೇ ಉಳಿಯುತ್ತದೆ. ಅದಕ್ಕೆ ಎರಡು ಜನ ಬೇಕು, ಒಬ್ಬರು ಪೆಡಲ್ಲು ಒತ್ತಲು, ಒಬ್ಬರು ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಲು. ಸಾಹೇಬರು ಆಫೀಸಿಗೆ ಹೋಗಿದ್ದರು, ಮೇಡಂ ಅಡಿಗೆಮನೆಯಲ್ಲಿದ್ದರು. ಹಿಂದಿನ ದಿನದಿಂದ ಸರಿಯಾಗಿ ಊಟವನ್ನೂ ಮಾಡದ ಅಜ್ಜ ತಾವಾಗಿಯೇ ಬಂದು, ನಾನು ಕೂಡ್ಲೇನ್ರಿ ಎಂದು ಕೇಳಿದರು.

ಧೋತರ ಎತ್ತಿ ಕಟ್ಟಿ ಡ್ರೈವರ್ ಸೀಟಿನಲ್ಲಿ ಕೂತರು. ಅವರು ಆ ಜಾಗದಲ್ಲಿ ಕೂತದ್ದು ಅದೇ ಮೊದಲಂತೆ. ನಾನು ಹಿಂದಿನ ಚಕ್ರದ ಪಕ್ಕ ಕೂತು, ನಿಪ್ಪಲಿಗೆ ಪೈಪು ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿಟ್ಟೆ. ಒತ್ತಿ, ಹಿಡಿಯಿರಿ ಎಂದೆ. ಒತ್ತಿ ಹಿಡಿದರು. ನಾನು ನಿಪ್ಪಲ್ ಸಡಿಲಿಸಿದೆ. ಕಂದು ಆಯಿಲ್ ಗುಳ್ಳೆಗಳ ಜೊತೆ ಚಿಮ್ಮಿತು, ಅವರ ಕಾಲಿನ ಕೆಳಗಿದ್ದ ಪೆಡಲ್ಲು ಒಮ್ಮೆಲೇ ನೆಲಕ್ಕೆ ಹೋಯಿತು. ಬಿಗಿದು, ಬಿಡಿ ಎಂದೆ. ಬಿಡಲಿಲ್ಲ. ಎದ್ದು ಹೋಗಿ ನೋಡಿದರೆ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಕಾಲಿನ ಕಡೆ ನೋಡುತ್ತ ಕೂತಿದ್ದರು.

‘ಹಿಂಗಽ ಹೋಗಿತ್ತೇನ್ರಿ, ಆಕೀ ಕಾಲಾಗ?’

ಹೌದು ಎಂದೆ. ಅವರು ಕಾಲು ತೆಗೆದರು. ಎಲ್ಲ ಚಕ್ರಗಳಿಂದ ಹೊಸ ಆಯಿಲ್ ತಿಳಿಯಾಗಿ ಬರುವವರೆಗೆ, ಬಿಸಿಲು ಮುಖಕ್ಕೆ ಬಂದರೂ ಏಳದೆ, ಒತ್ತುತ್ತ ಹಿಡಿಯುತ್ತ ಬಿಡುತ್ತ ಕೂತರು. ನಾನು ಸಾಕೆಂದ ಮೇಲೂ ಇನ್ನೊಮ್ಮೆ ನೋಡಿರಿ ಎಂದರು. ಇನ್ನೊಮ್ಮೆ ನೋಡಿದೆ.

ಮಧ್ಯಾಹ್ನ ಸಾಹೇಬರು ಊಟಕ್ಕೆ ಬಂದಾಗ ಗಾಡಿಯನ್ನು ವೇರೂಳ ಗುಹೆಗಳಿಗೆ ಹೋಗುವ ದಾರಿಯ ದೌಲತಾಬಾದ್ ಘಾಟಿಗೆ ಒಯ್ದೆವು. ಓಡಿಸಿದ್ದು ಮೇಡಂ. ಪಕ್ಕದಲ್ಲಿ ನಾನು, ಹಿಂದೆ ಸಾಹೇಬರು. ಹತ್ತಿ ಇಳಿದು, ಮತ್ತೆ ಹತ್ತಿ ಇಳಿದೆವು. ಇಳಿಜಾರಿನಲ್ಲಿ ಬ್ರೇಕು ಬಿಸಿಯಾಗಲಿ ಎಂದು ಮೇಲಿಂದ ಮೇಲೆ ಒತ್ತಿಸಿದೆ. ಪೆಡಲ್ಲು ಒಂದೇ ಎತ್ತರದಲ್ಲಿ ನಿಲ್ಲುತ್ತಿತ್ತು, ದೀಪ ಹತ್ತಲಿಲ್ಲ, ಹೊಗೆಯೂ ಇಲ್ಲ. ಕೊನೆಯ ಸಲ ಇಳಿಯುವಾಗ ಸಾಹೇಬರು ಹಿಂದಿನಿಂದ, ಚಲೋ ಓಡಸ್ತಿ ನೀ ಎಂದು ಮೆಲ್ಲಗೆ ಅಂದರು. ಮೇಡಂ ಕನ್ನಡಿಯಲ್ಲಿ ಅವರನ್ನು ಒಮ್ಮೆ ನೋಡಿ ಗೇರು ಬದಲಿಸಿದರು.

ಹೊರಡುವ ಹೊತ್ತಿಗೆ ಅಜ್ಜ ಬರಿಗೈಯಲ್ಲಿ ಬಂದು ದೂರ ನಿಂತರು. ಮೇಡಂ ಕಾರಿನಿಂದ ಇಳಿದು, ಒಳಗೆ ಹೋಗಿ ವಿಭೂತಿ ಉಂಡೆ ತಂದು ಅವರ ಕೈಗಿಟ್ಟರು. ಬಾನೆಟ್ ಎತ್ತಿ ಡಬ್ಬಿ ತೋರಿಸಿದರು. ‘ನೋಡ್ರಿ ಮಾವನೋರಽ, ಇಲ್ಲೀತನ ಅದ. ನಾ ಬಂದಾಗೊಮ್ಮೆ ನೀವಽ ನೋಡ್ಬೇಕು. ಕಮ್ಮಿ ಆಗಿದ್ರ ಹಾಕಬ್ಯಾಡ್ರಿ, ನನಗ ಹೇಳ್ರಿ.’ ಅಜ್ಜ ಕನ್ನಡಕ ಏರಿಸಿ ನೋಡಿದರು. ಬಾನೆಟ್ ಮುಚ್ಚಿದ ಮೇಲೆ ಅದರ ಮೇಲೆ ಮೂರು ಬೆರಳು ಎಳೆದರು, ಆಮೇಲೆ ಮೊಮ್ಮಗಳ ಹಣೆಗೆ, ಸೊಸೆಯ ಹಣೆಗೆ. ನಾನೂ ಅವರ ಜೊತೆಯೇ ನಾಸಿಕಕ್ಕೆ ಬಂದೆ.

ಮುಂದಿನ ಶನಿವಾರ ನನಗೆ ಕೆಲಸ ಓಡಲಿಲ್ಲ. ಫೋನು ಜೇಬಿನಿಂದ ತೆಗೆಯುವುದು, ನೋಡುವುದು, ಮತ್ತೆ ಇಡುವುದು. ಸಂಜೆ ಗುರುತಿಲ್ಲದ ನಂಬರು ಬಂತು. ಅಜ್ಜ.

‘ಬಂದ್ರರಿ ಇಬ್ರೂ. ನಾ ನೋಡ್ದೆ. ಎಲ್ಲೀತನ ಇತ್ತೋ ಅಲ್ಲೇ ಅದ. ಕೂದಲಷ್ಟೂ ಇಳದಿಲ್ಲ.’

ಒಳ್ಳೆಯದಾಯಿತು ಎಂದೆ. ಅವರು ಫೋನು ಇಡಲಿಲ್ಲ. ಹಿಂದೆ ಮೊಮ್ಮಗಳು ಮರಾಠಿಯಲ್ಲಿ ಏನೋ ಹೇಳುತ್ತಿದ್ದಳು. ಕೊನೆಗೆ ದನಿ ತಗ್ಗಿಸಿ ಕೇಳಿದರು.

‘ಚಾಂದವಡದಾಗ ಏನಾರ ಆಗಿತ್ತಂದ್ರ?’

ಒಂದು ವಾರದಿಂದ ನನ್ನನ್ನೂ ಅದೇ ಪ್ರಶ್ನೆ ತಿನ್ನುತ್ತಿತ್ತು. ‘ಆಗಲಿಲ್ಲಲ್ರಿ’ ಎಂದೆ.

‘ಆಗಲಿಲ್ಲ’ ಎಂದರು ಅವರು. ಇನ್ನೊಮ್ಮೆ ‘ಆಗಲಿಲ್ಲ’ ಎಂದು ಹೇಳಿ ಫೋನು ಇಟ್ಟರು.